ನಲ್ಲಿಯ ಹಿಂದಿನ ಲೆಕ್ಕ

ಮನೆ ಕಟ್ಟಿಸಿದವರನ್ನು ಕೇಳಿ ನೋಡಿ. ಸಿಮೆಂಟಿನ ಚೀಲಕ್ಕೆ ಎಷ್ಟು ಕೊಟ್ಟರು, ಮರಳಿನ ಲಾರಿಗೆ ಎಷ್ಟು ತೆತ್ತರು, ಮುಂಬಾಗಿಲಿನ ಮರ ಎಲ್ಲಿಂದ ಬಂತು ಎಂಬುದನ್ನೆಲ್ಲ ಹತ್ತು ವರ್ಷ ಕಳೆದ ಮೇಲೂ ಬಾಯಿಪಾಠ ಒಪ್ಪಿಸುತ್ತಾರೆ. ಗೋಡೆಯೊಳಗೆ ಹುದುಗಿಸಿದ ಕೊಳವೆಗೆ ಎಷ್ಟಾಯಿತು ಎಂದರೆ ಮಾತ್ರ “ಅದನ್ನೆಲ್ಲ ಪ್ಲಂಬರ್ ನೋಡಿಕೊಂಡ” ಎಂಬ ಉತ್ತರ ಬರುತ್ತದೆ. ಆ ಉತ್ತರದ ಧ್ವನಿಯಲ್ಲಿ ಒಂದು ಸಣ್ಣ ಸಂಶಯವೂ ಬೆರೆತಿರುತ್ತದೆ. ಅವನು ನೋಡಿಕೊಂಡದ್ದು ನಮ್ಮ ಕೆಲಸವನ್ನೋ ತನ್ನ ಲಾಭವನ್ನೋ ಎಂಬ ಸಂಶಯ. ಅದು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ವಿಚಾರಿಸುವುದೇ ಈ ಭಾಷಣದ ಉದ್ದೇಶ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದವನು. ಕೊಳಾಯಿಯ ಶಾಸ್ತ್ರ ನನ್ನದಲ್ಲ. ಆದರೆ ನಿವೃತ್ತನಾದ ಮೇಲೆ, ಕಳಸದ ಕಡೆಯಿರುವ ನಮ್ಮ ಹಿರಿಯರ ಮನೆಗೆ ಗುಡ್ಡದ ಮೇಲಿನ ಒರತೆಯಿಂದ ಹೊಸದಾಗಿ ನೀರು ಇಳಿಸಬೇಕಾಗಿ ಬಂತು. ಒಂದು ಬೇಸಗೆ ಪೂರ್ತಿ ಒಬ್ಬ ಪ್ಲಂಬರನ ಜೊತೆ ಗುಡ್ಡ ಹತ್ತಿದೆ, ಅಂಗಡಿ ಮೆಟ್ಟಿದೆ, ಅವನು ತಂದ ರಸೀದಿಗಳನ್ನು ಹಳೆಗನ್ನಡದ ಶಾಸನಗಳನ್ನು ಓದುವ ತಾಳ್ಮೆಯಿಂದ ಓದಿದೆ. ಶಾಸನಗಳೇ ಸುಲಭ ಎನ್ನಿಸಿತು. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಮೊದಲು ಪದದ ಮಾತು. ಲ್ಯಾಟಿನ್ ಭಾಷೆಯಲ್ಲಿ ಪ್ಲುಂಬಮ್ ಎಂದರೆ ಸೀಸ. ರೋಮನರು ಸೀಸದ ತಗಡನ್ನು ಸುತ್ತಿ ಬೆಸೆದು ಕೊಳವೆ ಮಾಡುತ್ತಿದ್ದರು. ಆ ಕೆಲಸದವನೇ ಪ್ಲಂಬರ್. ಎರಡು ಸಾವಿರ ವರ್ಷಗಳ ಹಿಂದೆ ವಾಸ್ತುಗ್ರಂಥ ಬರೆದ ವಿಟ್ರೂವಿಯಸ್, ಕೊಳವೆ ಹತ್ತು ಅಡಿಗೆ ಕಡಿಮೆಯಿರಬಾರದೆಂದು ಹೇಳಿ, ಯಾವ ಅಳತೆಯ ಕೊಳವೆ ಎಷ್ಟು ತೂಗಬೇಕು ಎಂಬ ಪಟ್ಟಿಯನ್ನೂ ಕೊಟ್ಟಿದ್ದಾನೆ. ಸೀಸ ಆರೋಗ್ಯಕ್ಕೆ ಕೇಡು, ಮಣ್ಣಿನ ಕೊಳವೆಯೇ ಮೇಲು ಎಂದು ಎಚ್ಚರಿಸಿಯೂ ಇದ್ದಾನೆ. ಅವನ ತರುವಾಯ ಬಂದ ಫ್ರಾಂಟಿನಸ್ ಎಂಬುವನು ಕ್ರಿ. ಶ. 97ರಲ್ಲಿ ರೋಮ್ ನಗರದ ನೀರಿನ ಅಧಿಕಾರಿಯಾದವನು. ಅಳತೆ ತಪ್ಪಿಸಿದ ಮೂತಿಗಳನ್ನು ಕೂರಿಸಿ ಕೆಲಸದವರು ನಡೆಸುತ್ತಿದ್ದ ವಂಚನೆಯನ್ನು ಅವನು ಒಂದು ಗ್ರಂಥದಲ್ಲಿ ವಿವರವಾಗಿ ದೂರಿದ್ದಾನೆ. ಕೊಳವೆಯ ಬೆಲೆ ಅದರ ತೂಕದಲ್ಲಿದೆ ಎಂಬುದೂ, ಕೊಳವೆಯವನ ಮೇಲಿನ ಗುಮಾನಿಯೂ ಇಷ್ಟು ಹಳೆಯವು.

ನಮ್ಮ ಮಲೆನಾಡಿನಲ್ಲಾದರೋ ಬಹುಕಾಲ ನೀರಿಗೆ ಕೊಳವೆಯೇ ಬೇಕಿರಲಿಲ್ಲ. ಅಡಿಕೆಯ ಮರವನ್ನು ಸೀಳಿ, ತಿರುಳು ತೆಗೆದು, ದಬ್ಬೆಯನ್ನು ದೋಣಿಯಂತೆ ಕೊರೆದು, ಒಂದರ ಬಾಯಿಗೆ ಇನ್ನೊಂದನ್ನು ಜೋಡಿಸುತ್ತ ಕವೆಗೋಲುಗಳ ಮೇಲೆ ಗುಡ್ಡದಿಂದ ಹಿತ್ತಿಲಿಗೆ ನೀರು ತರುತ್ತಿದ್ದರು. ಅಬ್ಬಿಯ ನೀರು ಎಂದರೆ ಅದೇ. ಹಗಲು ರಾತ್ರಿ ಬಚ್ಚಲ ಬಳಿ ಬೀಳುತ್ತಿತ್ತು. ಮಿಕ್ಕದ್ದು ತೋಟಕ್ಕೆ ಹೋಗುತ್ತಿತ್ತು. ಎರಡು ಮೂರು ಮಳೆಗಾಲಕ್ಕೆ ದಬ್ಬೆ ಕುಂಬಾಗುತ್ತಿತ್ತು, ತೋಟದಲ್ಲಿ ಇನ್ನೊಂದು ಮರ ಇರುತ್ತಿತ್ತು. ದುಡ್ಡಿನ ಮಾತೇ ಇಲ್ಲ. ಹಾಗಾದರೆ ಇಂದು ಅದೇ ನೀರನ್ನು ಅದೇ ಗುಡ್ಡದಿಂದ ಅದೇ ಮನೆಗೆ ತರಲು ಸಾವಿರಾರು ರೂಪಾಯಿ ಏಕೆ ಬೇಕು?

ನನ್ನ ಪ್ಲಂಬರ್ ಕೊಟ್ಟ ಉತ್ತರ ಸರಳವಾಗಿತ್ತು. “ಮೇಷ್ಟ್ರೇ, ಅಬ್ಬಿಗೆ ನಲ್ಲಿ ಇರಲಿಲ್ಲವಲ್ಲ.” ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಯಿ ತೆರೆದೇ ಇರುವ ದಬ್ಬೆಯಲ್ಲಿ ನೀರು ಹರಿಯುತ್ತದೆ, ಒತ್ತುವುದಿಲ್ಲ. ಬಾಯಿಗೆ ನಲ್ಲಿ ಕೂರಿಸಿ ಮುಚ್ಚಿದೊಡನೆ ಒರತೆಯಿಂದ ಮನೆಯವರೆಗಿನ ನೀರಿನ ಭಾರವೆಲ್ಲ ಕೊಳವೆಯ ಗೋಡೆಯ ಮೇಲೆ ಕೂರುತ್ತದೆ. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತುತ್ತದೆ. ಅಂಗಡಿಯಲ್ಲಿ 4 ಕೆ.ಜಿ. ಪೈಪು, 6 ಕೆ.ಜಿ. ಪೈಪು, 10 ಕೆ.ಜಿ. ಪೈಪು ಎಂದು ಹೇಳುವುದು ಕೊಳವೆಯ ತೂಕವನ್ನಲ್ಲ, ಅದು ತಾಳಬಲ್ಲ ಈ ಒತ್ತಡವನ್ನು. ಬಯಲುಸೀಮೆಯಲ್ಲಿ ಮಾಳಿಗೆಯ ಮೇಲಿನ ತೊಟ್ಟಿಯಿಂದ ಇಳಿಯುವ ನೀರಿನ ಒತ್ತಡ 1 ಕೆ.ಜಿ. ಮುಟ್ಟುವುದೂ ಅಪರೂಪ. ಮೂಡಿಗೆರೆ, ಕಳಸದ ಕಡೆಗಳಲ್ಲಿ ಒರತೆ ಮನೆಯಿಂದ 80 ಮೀಟರ್ ಮೇಲಿದ್ದರೆ ಅದೇನೂ ಆಶ್ಚರ್ಯವಲ್ಲ. ನಲ್ಲಿ ಮುಚ್ಚಿದಾಗ ಕೆಳತುದಿಯ ಕೊಳವೆ 8 ಕೆ.ಜಿ. ತಾಳಬೇಕು. ಒತ್ತಡ ಇಮ್ಮಡಿಯಾದರೆ ಗೋಡೆಯೂ ಹೆಚ್ಚುಕಡಿಮೆ ಇಮ್ಮಡಿ ದಪ್ಪವಾಗಬೇಕು. ಗೋಡೆ ದಪ್ಪವಾದಷ್ಟು ತೂಕ, ತೂಕವಿದ್ದಷ್ಟು ಬೆಲೆ. ಹೀಗೆ ಗುಡ್ಡದ ಎತ್ತರವೇ ರಸೀದಿಯಲ್ಲಿ ರೂಪಾಯಿಯಾಗಿ ಕೂರುತ್ತದೆ. ನೀರು ತರುವುದಕ್ಕಾಗಿ ಕೊಡುವ ಹಣಕ್ಕಿಂತ ನೀರನ್ನು ತಡೆದು ನಿಲ್ಲಿಸುವುದಕ್ಕಾಗಿ ಕೊಡುವ ಹಣವೇ ಹೆಚ್ಚು ಎಂದು ನನಗೆ ಹೊಳೆದದ್ದು ಆಗ.

ಇದಕ್ಕೆ ಉಪಾಯವುಂಟು, ಮತ್ತು ಅದು ನಮ್ಮ ನಾಡಿಗೆ ಹೊಸದಲ್ಲ. ಆದಿಲ್‌ಶಾಹಿ ಅರಸರ ಬಿಜಾಪುರಕ್ಕೆ ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ನೀರು ಬರುತ್ತಿತ್ತು. ಮಣ್ಣಿನ ಕೊಳವೆಗಳು ಒತ್ತಡಕ್ಕೆ ಒಡೆಯದಂತೆ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂದು ಕರೆಯುವ ಗೋಪುರಗಳನ್ನು ಎಬ್ಬಿಸಿದ್ದರು. ನೀರು ಅದರೊಳಗೆ ಏರಿ, ತನ್ನ ರಭಸ ಕಳೆದುಕೊಂಡು, ಕೆಸರನ್ನು ಅಡಿಯಲ್ಲಿ ಬಿಟ್ಟು ಮುಂದೆ ಹೋಗುತ್ತಿತ್ತು. ಆ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ. ನನ್ನ ಪ್ಲಂಬರ್ ಬಿಜಾಪುರ ಕಂಡವನಲ್ಲ. ಆದರೂ ಗುಡ್ಡದ ಅರ್ಧದಲ್ಲಿ ಒಂದು ಸಣ್ಣ ತೊಟ್ಟಿ ಕಟ್ಟಿ, ಅದರಲ್ಲಿ ತೇಲುವ ಬುರುಡೆಯ ವಾಲ್ವೊಂದನ್ನು ಕೂರಿಸಿದರೆ ಒತ್ತಡ ಅಲ್ಲಿಗೇ ಮುರಿಯುತ್ತದೆ, ಕೆಳಗೆ ಹಗುರವಾದ ಕೊಳವೆಯೇ ಸಾಕು ಎಂದು ಅವನೇ ಹೇಳಿದ. ಸಾಮಾನಿನ ಪಟ್ಟಿ ಹಿಗ್ಗಲೆಂದು ಬಯಸುವವನು ಈ ಮಾತು ಹೇಳುತ್ತಿರಲಿಲ್ಲ.

ಇನ್ನು ಕೊಳವೆ ಯಾವುದರಿಂದ ಆಗುತ್ತದೆ ಎಂಬ ಮಾತು. ನನ್ನ ಬಾಲ್ಯದಲ್ಲಿ ಪೈಪೆಂದರೆ ಸತು ಲೇಪಿಸಿದ ಕಬ್ಬಿಣ, ಜಿ.ಐ. ಪೈಪು. ಅದರ ಮೇಲೆ ಹಳದಿ ಪಟ್ಟಿಯಿದ್ದರೆ ಹಗುರ, ನೀಲಿಯಿದ್ದರೆ ಮಧ್ಯಮ, ಕೆಂಪಿದ್ದರೆ ಭಾರ. ಕೀಲಿಗೆ ಸಣಬಿನ ನಾರು ಸುತ್ತಿ ಬಿಳಿ ಬಣ್ಣ ಬಳಿಯುತ್ತಿದ್ದರು. ನಮ್ಮ ಬೆಟ್ಟದ ನೀರು ಮೃದು, ತುಸು ಹುಳಿಯ ಗುಣದ್ದು. ಅದು ಸತುವನ್ನು ಮೆಲ್ಲಗೆ ತಿಂದು ಕಬ್ಬಿಣವನ್ನು ಕಂದು ಮಾಡುತ್ತದೆ. ಪಿ.ವಿ.ಸಿ. ಪೈಪು ಬಂದದ್ದೇ ಕಬ್ಬಿಣ ಹಿಂದೆ ಸರಿಯಿತು. ಪಿ.ವಿ.ಸಿ. ಎಂಬುದನ್ನು ನಾವು ಪ್ಲಾಸ್ಟಿಕ್ ಎಂದು ಹಗುರವಾಗಿ ಅನ್ನುತ್ತೇವೆ. ಅದರ ತೂಕದಲ್ಲಿ ನೂರಕ್ಕೆ 57 ಪಾಲು ಉಪ್ಪಿನಿಂದ ತೆಗೆದ ಕ್ಲೋರಿನ್. ಉಳಿದ 43 ಪಾಲು ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು. ಸಮುದ್ರದ ಉಪ್ಪೂ ನೆಲದ ಎಣ್ಣೆಯೂ ಕೂಡಿ ನಮ್ಮ ಹಿತ್ತಿಲಿಗೆ ನೀರು ತರುತ್ತಿವೆ.

ಈ ಹಿಟ್ಟಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಭಾರತ ಹೊರದೇಶಗಳಿಂದ ತರಿಸುತ್ತದೆ. ತರಿಸಿದ್ದರಲ್ಲಿ ಬಹುಪಾಲು ಕೊಳವೆಗೇ ಹೋಗುತ್ತದೆ. ಆದ್ದರಿಂದ ಲೋಕದ ಯಾವ ಮೂಲೆಯಲ್ಲಿ ಏನಾದರೂ ಕಳಸದ ಪ್ಲಂಬರನಿಗೆ ತಟ್ಟದೆ ಇರುವುದಿಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಎಂದೂ ಬೀಳದಂಥ ಹಿಮ ಬಿತ್ತು. ಅಲ್ಲಿನ ರಾಸಾಯನಿಕ ಕಾರ್ಖಾನೆಗಳು ಸ್ತಬ್ಧವಾದವು. ಅದೇ ವರ್ಷದ ಕೊನೆಯ ಹೊತ್ತಿಗೆ ಚೀನಾದಲ್ಲಿ ವಿದ್ಯುತ್ತಿನ ಅಭಾವ ತಲೆದೋರಿತು, ಅಲ್ಲಿ ಪಿ.ವಿ.ಸಿ. ಹೆಚ್ಚಾಗಿ ಕಲ್ಲಿದ್ದಲಿನಿಂದಲೇ ಆಗುವುದು. ಇಷ್ಟರಲ್ಲಿ ಹಡಗಿನ ಬಾಡಿಗೆಯೂ ಏರಿತ್ತು. 2020ರ ನಡುವಿನಿಂದ 2021ರ ಕೊನೆಗೆ ಹಿಟ್ಟಿನ ಬೆಲೆ ಇಮ್ಮಡಿ ದಾಟಿತು. 2022ರಲ್ಲಿ ಅಷ್ಟೇ ವೇಗವಾಗಿ ಇಳಿಯಿತು. ಏರುವಾಗ ಪ್ಲಂಬರ್ ಹಳೆಯ ದರಕ್ಕೆ ಒಪ್ಪಿಕೊಂಡ ಕೆಲಸಗಳಲ್ಲಿ ಕೈ ಸುಟ್ಟುಕೊಂಡ. ಇಳಿಯುವಾಗ ಅಂಗಡಿಯವನು ಗೋದಾಮಿನಲ್ಲಿ ತುಂಬಿಟ್ಟ ಸರಕಿನ ಮುಂದೆ ತಲೆಯ ಮೇಲೆ ಕೈ ಹೊತ್ತ. ಟೆಕ್ಸಾಸಿನ ಹಿಮಕ್ಕೂ ನಮ್ಮ ಬಚ್ಚಲಿಗೂ ಏನು ಸಂಬಂಧವೆಂದು ಮನೆಯ ಯಜಮಾನನಿಗೆ ಹೇಳಿ ನಂಬಿಸುವುದು ಹೇಗೆ? ಅವನು ಪ್ಲಂಬರನ ಕಡೆಗೇ ನೋಡುತ್ತಾನೆ.

ಅಗ್ಗದ ಕೊಳವೆಯೂ ಸಿಗುತ್ತದೆ. ಹಿಟ್ಟಿಗೆ ಸುಣ್ಣದ ಪುಡಿಯನ್ನು ಮಿತಿಮೀರಿ ಬೆರೆಸಿದರೆ ಪೈಪು ತೂಗುತ್ತದೆ, ಹೊಳೆಯುತ್ತದೆ, ಒಂದೆರಡು ಬೇಸಗೆಯ ಬಿಸಿಲಿಗೆ ಬಳಪದಂತೆ ಮುರಿಯುತ್ತದೆ. ಕರಿಯ ಸುರುಳಿ ಪೈಪನ್ನೂ ಬಳಸಿದ ಪ್ಲಾಸ್ಟಿಕನ್ನೇ ಮತ್ತೆ ಕರಗಿಸಿ ಮಾಡಿ ಕಿಲೋಗ್ರಾಂ ಲೆಕ್ಕದಲ್ಲಿ ಮಾರುವವರುಂಟು. ಒಳ್ಳೆಯ ಕೊಳವೆಯ ಮೈಮೇಲೆ ಭಾರತೀಯ ಮಾನಕದ ಸಂಖ್ಯೆ ಅಚ್ಚಾಗಿರುತ್ತದೆ: ಪಿ.ವಿ.ಸಿ.ಗೆ 4985, ಕರಿಯ ಪೈಪಿಗೆ 4984. ಒಂದೇ ಅಂಕಿಯ ಅಂತರ. ಇವನ್ನು ಓದಿಕೊಳ್ಳುವ ಕಷ್ಟವನ್ನು ಎಷ್ಟು ಜನ ತೆಗೆದುಕೊಳ್ಳುತ್ತೇವೆ? ಇಲ್ಲಿ ಒಂದು ಕುತೂಹಲದ ಸಂಗತಿ. ರೋಮನರ ಸೀಸ ನಮ್ಮನ್ನು ಬಿಟ್ಟುಹೋಗಿತ್ತೆಂದು ತಿಳಿದಿದ್ದೆವು. ಬಿಸಿಗೆ ಪಿ.ವಿ.ಸಿ. ಕೆಡದಿರಲೆಂದು ಸೀಸದ ಸಂಯುಕ್ತಗಳನ್ನೇ ನಮ್ಮ ದೇಶದಲ್ಲಿ ಬೆರೆಸುತ್ತಿದ್ದರು. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿ ಅದನ್ನು ಹಂತಹಂತವಾಗಿ ತೆಗೆಯಬೇಕೆಂದು ವಿಧಿಸಿತು. ಸೀಸದ ಬದಲಿಗೆ ಬರುವ ವಸ್ತು ಹೆಚ್ಚು ದುಬಾರಿ. ಆ ಹೆಚ್ಚಳವೂ ಪೈಪಿನ ಬೆಲೆಗೇ ಸೇರುವಂಥದು. ವಿಟ್ರೂವಿಯಸ್ ಕೇಳಿದ್ದರೆ ಕೊಡಬೇಕಾದ ಬೆಲೆಯೇ ಸರಿ ಎನ್ನುತ್ತಿದ್ದನೇನೋ.

ಅಳತೆಯ ಗೊಂದಲವನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಗೆ 1956ರಲ್ಲೇ ಕಾನೂನಾಯಿತು. ಪ್ಲಂಬರ್ ಮಾತ್ರ ಇಂದಿಗೂ ಅರ್ಧ ಇಂಚು, ಮುಕ್ಕಾಲು, ಒಂದೂಕಾಲು ಎನ್ನುತ್ತಾನೆ. ಅದು ಅವನ ಹಟವಲ್ಲ. ಕಬ್ಬಿಣದ ಪೈಪನ್ನು ಒಳಗಿನ ಬಾಯಿಯಿಂದ ಅಳೆಯುತ್ತಾರೆ, ಪಿ.ವಿ.ಸಿ. ಪೈಪನ್ನು ಹೊರಗಿನ ಮೈಯಿಂದ. ಅವನ ಮುಕ್ಕಾಲು ಇಂಚು ಅಂಗಡಿಯ ರಸೀದಿಯಲ್ಲಿ 25 ಮಿಲಿಮೀಟರ್ ಆಗುತ್ತದೆ, ಒಂದು ಇಂಚು 32 ಆಗುತ್ತದೆ. ಎರಡರ ನಡುವೆ ತಪ್ಪು ಸಾಮಾನು ಬಂದರೆ ಒಂದು ದಿನದ ಕೂಲಿ ಹೋದಂತೆಯೇ. ಮೇಲಾಗಿ ಅರ್ಧ ಇಂಚಿನ ಬಾಯಿಗೂ ಮುಕ್ಕಾಲು ಇಂಚಿನ ಬಾಯಿಗೂ ಇರುವ ವ್ಯತ್ಯಾಸ ಕಾಲು ಇಂಚಿನದಲ್ಲ; ಹರವಿನಲ್ಲಿ ಅದು ಎರಡೂಕಾಲು ಪಟ್ಟು. ದುಡ್ಡು ಉಳಿಸಲೆಂದು ಸಣ್ಣ ಪೈಪು ಹಾಕಿಸಿ, ಮೂರನೆಯ ನಲ್ಲಿಯಲ್ಲಿ ನೀರು ಬಾರದಾಗ ಪ್ಲಂಬರನನ್ನು ಬಯ್ಯುವ ಯಜಮಾನರನ್ನು ನಾನು ಬಲ್ಲೆ.

ವಾಲ್ವುಗಳ ಬೆಲೆ ಬೇರೆಯೇ ತಕ್ಕಡಿಯಲ್ಲಿ ತೂಗುತ್ತದೆ. ಒಳ್ಳೆಯ ಗೇಟ್ ವಾಲ್ವು ಗನ್‌ಮೆಟಲಿನದು: ನೂರರಲ್ಲಿ ಸುಮಾರು 85 ಪಾಲು ತಾಮ್ರ, ಉಳಿದದ್ದರಲ್ಲಿ ತವರ, ಸತು, ಸೀಸ ಐದೈದು. ತಾಮ್ರದ ಬೆಲೆ ಲಂಡನ್ನಿನಲ್ಲಿ ನಿರ್ಧಾರವಾಗುತ್ತದೆ, ವಾಲ್ವು ಪಂಜಾಬಿನ ಜಲಂಧರದಲ್ಲಿ ಎರಕವಾಗುತ್ತದೆ, ಹಿತ್ತಾಳೆಯ ಸಣ್ಣ ಬಿಡಿಭಾಗಗಳು ಗುಜರಾತಿನ ಜಾಮ್‌ನಗರದಿಂದ ಬರುತ್ತವೆ. ನೋಟಕ್ಕೆ ಒಂದೇ ತೆರನಾದ ಎರಡು ವಾಲ್ವುಗಳ ಬೆಲೆಯಲ್ಲಿ ಒಂದಕ್ಕೆ ಮೂರರ ಅಂತರವಿರುವುದುಂಟು. ನನ್ನ ಪ್ಲಂಬರ್ ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ತೂಗಿ ನೋಡುತ್ತಿದ್ದ. ಅಕ್ಕಸಾಲಿಗನ ಕೌಶಲ ಅದು.

ಈಗ ಸಂಶಯದ ಗಂಟಿಗೆ ಬರೋಣ. ಕಂಪನಿಗಳು ಅಚ್ಚು ಹಾಕಿಸುವ ದರಪಟ್ಟಿಯೊಂದಿರುತ್ತದೆ. ಆ ದರಕ್ಕೆ ಯಾರೂ ಕೊಳ್ಳುವುದಿಲ್ಲ. ಅಂಗಡಿಯವನಿಗೆ ಇಷ್ಟು ಸೋಡಿ, ದಿನವೂ ಬರುವ ಪ್ಲಂಬರನಿಗೆ ಇಷ್ಟು, ವರ್ಷಕ್ಕೊಮ್ಮೆ ಬರುವ ನಮ್ಮಂಥವರಿಗೆ ಇಷ್ಟು ಎಂದು ಮೆಟ್ಟಿಲುಗಳಿವೆ. ಬರಿಯ ಲೆಕ್ಕಕ್ಕಾಗಿ ಹೇಳುತ್ತೇನೆ: ಪಟ್ಟಿಯಲ್ಲಿ 100 ರೂಪಾಯಿ ಇರುವ ಸಾಮಾನಿಗೆ ನನಗೆ 25 ಸೋಡಿ, ಪ್ಲಂಬರನಿಗೆ 40 ಎಂದಿಟ್ಟುಕೊಳ್ಳಿ. ಪೈಪಿನ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಸೇರಿದರೆ ನನಗೆ 88 ರೂಪಾಯಿ 50 ಪೈಸೆ, ಅವನಿಗೆ 70 ರೂಪಾಯಿ 80 ಪೈಸೆ. ಅವನು ನನ್ನಿಂದ 80 ರೂಪಾಯಿ ತೆಗೆದುಕೊಂಡರೆ ಅವನಿಗೆ 9 ರೂಪಾಯಿ 20 ಪೈಸೆ ಉಳಿಯುತ್ತದೆ. ನನಗೂ ಎಂಟೂವರೆ ರೂಪಾಯಿ ಉಳಿಯುತ್ತದೆ. ಇದನ್ನು ಕಮಿಷನ್ ಎಂದು ಮೂಗು ಮುರಿಯುವ ನಾವು, ಪುಸ್ತಕದ ಅಂಗಡಿಯವನಿಗೆ ಪ್ರಕಾಶಕ ಕೊಡುವ ಸೋಡಿಯನ್ನು ವ್ಯಾಪಾರಧರ್ಮ ಎನ್ನುತ್ತೇವೆ. ಒರತೆಯ ತನಕ ಹತ್ತಿ ಅಳೆದದ್ದಕ್ಕೆ, ಅಂಗಡಿಯಲ್ಲಿ ಅರ್ಧ ದಿನ ನಿಂತದ್ದಕ್ಕೆ, ಸಾಮಾನು ಸರಿಯಿಲ್ಲದಿದ್ದರೆ ಹೊತ್ತುಕೊಂಡು ಹೋಗಿ ಬದಲಿಸಿ ತಂದದ್ದಕ್ಕೆ ನಾವು ಕೂಲಿ ಕೊಡುವುದಿಲ್ಲ. ಕೂಲಿಯನ್ನು ಕೆಲಸದ ಗಂಟೆಗೆ ಕಟ್ಟಿ, ಬುದ್ಧಿಯನ್ನು ಬಿಟ್ಟಿ ಕೇಳಿದರೆ ಅದರ ಬೆಲೆ ಎಲ್ಲಾದರೊಂದು ಕಡೆ ಅಡಗಿ ಕೂರಲೇಬೇಕು.

ದೋಷವಿಲ್ಲವೆಂದು ನಾನು ಹೇಳುತ್ತಿಲ್ಲ. ಪೆಟ್ಟಿಗೆಯೊಳಗೆ ಚೀಟಿಯಿಟ್ಟು, ಅಂಕಗಳನ್ನು ಕೂಡಿಸಿದರೆ ಬಹುಮಾನವೆಂದು ಪ್ಲಂಬರನಿಗೆ ಆಸೆ ತೋರಿಸುವ ಕಂಪನಿಗಳಿವೆ. ಆಗ ಮನೆಗೆ ಒಪ್ಪುವ ಸಾಮಾನಿಗಿಂತ ಚೀಟಿಯಿರುವ ಸಾಮಾನು ಹೆಚ್ಚು ಒಪ್ಪವಾಗಿ ಕಾಣುತ್ತದೆ. ಇದು ಕೆಟ್ಟ ಪದ್ಧತಿ ಎಂದೇ ನನ್ನ ಅಭಿಪ್ರಾಯ. ಸೋಡಿ ಕಣ್ಣಿಗೆ ಕಾಣುವಂಥದು, ಚೌಕಾಶಿಗೆ ಸಿಗುವಂಥದು, ಚೀಟಿ ಹಾಗಲ್ಲ. ತೆರಿಗೆಯ ಮಾತಿನಲ್ಲಿಯೂ ಸಣ್ಣವನಿಗೇ ಪೆಟ್ಟು. 2017ರ ಜುಲೈ 1ರಂದು ಬಂದ ಜಿ.ಎಸ್.ಟಿ.ಯಲ್ಲಿ, ಕೊಳ್ಳುವಾಗ ತೆತ್ತ ತೆರಿಗೆಯನ್ನು ನೋಂದಾಯಿತ ಗುತ್ತಿಗೆದಾರ ಮುಂದೆ ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ವರ್ಷಕ್ಕೆ 20 ಲಕ್ಷ ರೂಪಾಯಿಯ ವಹಿವಾಟು ಮೀರದ ಒಂಟಿ ಪ್ಲಂಬರನಿಗೆ ನೋಂದಣಿ ಕಡ್ಡಾಯವಲ್ಲ, ಆದ್ದರಿಂದ ಆ ಸೌಲಭ್ಯವೂ ಇಲ್ಲ. ಅವನು ತೆತ್ತ 18 ಅವನ ಪಾಲಿಗೆ ಪೂರ್ತಿ ಖರ್ಚು.

ಇದೆಲ್ಲ ಎಲ್ಲ ಊರಿಗೂ ಸಲ್ಲುವ ಮಾತು. ನಮ್ಮ ಕಾಫಿ ಸೀಮೆಯಲ್ಲಿ ಇನ್ನೆರಡು ಭಾರಗಳು ಸೇರುತ್ತವೆ. ಒಂದು, ದಾರಿ. ಪೈಪು 6 ಮೀಟರ್ ಉದ್ದ. ನಮ್ಮ ರಸ್ತೆಗಳು ಆರು ಮೀಟರ್ ನೇರವಾಗಿ ಹೋದರೆ ದೊಡ್ಡದು. ಚಿಕ್ಕಮಗಳೂರಿನಿಂದ ಹೊರಟ ಪೈಪು ಮೂಡಿಗೆರೆ ದಾಟಿ, ಕೊಟ್ಟಿಗೆಹಾರ ದಾಟಿ, ಜೀಪಿನ ನೆತ್ತಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಚಾಚಿಕೊಂಡು ತಿರುವುಗಳಲ್ಲಿ ಹೊರಳುತ್ತ ಕಳಸ ಸೇರಬೇಕು. ಲಾರಿಯವನು ಬಾಡಿಗೆ ಕೇಳುವುದು ಜಾಗಕ್ಕೆ. ಪೈಪಿನೊಳಗೆ ಇರುವುದು ಗಾಳಿ. ಆದ್ದರಿಂದ ಬುದ್ಧಿವಂತರು ದೊಡ್ಡ ಪೈಪಿನೊಳಗೆ ಸಣ್ಣ ಪೈಪು ತೂರಿಸಿ ತರುತ್ತಾರೆ. ತೋಟದೊಳಗಿನ ಕೆಲಸದಲ್ಲಿ ಒಂದು ಎಲ್ಬೋ ಕಡಿಮೆ ಬಿತ್ತೆಂದರೆ, ಅದರ ಬೆಲೆ ಹತ್ತಿಪ್ಪತ್ತು ರೂಪಾಯಿ ಇರಬಹುದು. ತರಲು ಹೋದರೆ ಬಸ್ಸಿನ ಚಾರ್ಜು ಬೇರೆ, ಮುಳುಗಿದ ದಿನ ಬೇರೆ. ಅದಕ್ಕಾಗಿಯೇ ನಮ್ಮ ಕಡೆಯ ಪ್ಲಂಬರನ ಚೀಲ ಅಷ್ಟು ದಪ್ಪ. ಎಲ್ಬೋ, ಟೀ, ಸಾಕೆಟ್ಟು, ನಿಪ್ಪಲ್, ಬುಷ್ಷು, ಯೂನಿಯನ್ನು, ಅಂಟಿನ ಡಬ್ಬಿ, ಬಿಳಿಯ ಟೇಪು: ಅವನ ಬಂಡವಾಳವೆಲ್ಲ ಆ ಚೀಲದಲ್ಲಿ ತೂಗುತ್ತಿರುತ್ತದೆ. ಅದರಲ್ಲಿ ಕೆಲವು ವರ್ಷಗಟ್ಟಲೆ ಮಾರಾಟವಾಗದೆ ಅವನ ಬೆನ್ನ ಮೇಲೇ ಬೆಟ್ಟ ಹತ್ತಿ ಇಳಿಯುತ್ತವೆ. ಹಾಕಿದ ಕೊಳವೆಯನ್ನು ಮುರಿಯಲು ಮೂಡಿಗೆರೆಯ ಕಡೆ ಆನೆಗಳಿವೆ, ಅಗೆಯಲು ಹಂದಿಗಳಿವೆ. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದಾಗ ಮಣ್ಣಿನೊಡನೆ ಕೊಳವೆಯೂ ಹೋಗದೆ ಉಳಿದೀತೇ?

ಇನ್ನೊಂದು ಭಾರ, ಕಾಲ. ರೊಬಸ್ಟಾ ಗಿಡಕ್ಕೆ ಫೆಬ್ರವರಿ ಮಾರ್ಚಿಯಲ್ಲಿ ಹೂಮಳೆ ಬೇಕು. ಆಕಾಶ ಕೊಡದಿದ್ದರೆ ತುಂತುರು ನೀರಾವರಿಯಿಂದ ಕೊಡಬೇಕು. ಮೂರು ವಾರದ ಆಚೆ ಈಚೆ ಇನ್ನೊಂದು ಸಲ. ಹೂವಿಗೆ ಹೊತ್ತು ಮೀರಿದರೆ ಬೆಳೆಯೇ ಇಲ್ಲ. ಹೀಗಾಗಿ ಇಡೀ ಸೀಮೆಗೆ ಒಂದೇ ತಿಂಗಳಲ್ಲಿ ಪಂಪು, ಪೈಪು, ಫುಟ್‌ವಾಲ್ವು ಎಲ್ಲವೂ ಬೇಕು. ಅಂಗಡಿಯವನ ಸೋಡಿ ಆ ತಿಂಗಳಲ್ಲಿ ತಾನಾಗಿ ಸೊರಗುತ್ತದೆ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ತೋಟಗಳಲ್ಲಿ ಪೈಪು ಏಳುತ್ತದೆ ಎಂಬುದು ಇಲ್ಲಿನ ಅಂಗಡಿಗಳವರಿಗೆ ಗೊತ್ತಿರುವ ಪಂಚಾಂಗ. 2024ರಲ್ಲಿ ಲಂಡನ್ನಿನ ಪೇಟೆಯಲ್ಲಿ ರೊಬಸ್ಟಾ ಹಿಂದೆಂದೂ ಕಾಣದ ಬೆಲೆ ಮುಟ್ಟಿತು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಿಂದ ಹಳ್ಳಿಹಳ್ಳಿಗೂ ಕೊಳವೆ ಹೂಳುವ ಕೆಲಸ ನಡೆದು ಪೈಪಿನ ಬೇಡಿಕೆ ಮೊದಲೇ ಏರಿತ್ತು.

ಆದರೆ ತೋಟದ ಯಜಮಾನ ಹಣ ಕೊಡುವುದು ಯಾವಾಗ? ಬೀಜ ಮಾರಿದ ಮೇಲೆ. ಬೆಲೆ ಇನ್ನೂ ಏರೀತೆಂದು ಮೂಟೆಗಳನ್ನು ಉಗ್ರಾಣದಲ್ಲಿಟ್ಟು ಕಾಯುವವರಿದ್ದಾರೆ. ಅಷ್ಟು ಕಾಲವೂ ಪ್ಲಂಬರನ ಹೆಸರಿನಲ್ಲಿ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತದೆ. ಉದ್ರಿಯವನಿಗೆ ನಗದಿನವನ ಸೋಡಿ ಸಿಗುವುದಿಲ್ಲ. ಮೇಲೆ ಹೇಳಿದ 9 ರೂಪಾಯಿ 20 ಪೈಸೆ ಕರಗಿ ಹೋಗುವುದು ಇಲ್ಲಿಯೇ. ಲೋಕದ ಕಣ್ಣಿಗೆ ಅವನು ನಮ್ಮಿಂದ ಕಮಿಷನ್ ಹೊಡೆಯುವವನು. ರಸೀದಿಗಳನ್ನು ಜೋಡಿಸಿ ನೋಡಿದರೆ, ಎಕರೆಗಟ್ಟಲೆ ತೋಟವಿರುವವರಿಗೆ ತಿಂಗಳುಗಟ್ಟಲೆ ಬಡ್ಡಿಯಿಲ್ಲದ ಸಾಲ ಕೊಟ್ಟವನು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಅವನಿಗೆ ಕೆಲಸವಿಲ್ಲ. ಅಂಗಡಿಯ ಲೆಕ್ಕ ಚುಕ್ತಾ ಮಾಡಬೇಕಾದದ್ದು ಆ ತಿಂಗಳುಗಳಲ್ಲಿಯೇ.

ಇದನ್ನೆಲ್ಲ ತಿಳಿದ ಮೇಲೆ ನಮ್ಮ ಮನೆಯಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ದುರಸ್ತಿಯ ಕೆಲಸವಿದ್ದರೆ ಡಿಸೆಂಬರಿನಲ್ಲೇ ಅವನನ್ನು ಕರೆಸುತ್ತೇನೆ. ಪಟ್ಟಿ ಬರೆದುಕೊಡುತ್ತಾನೆ, ಸಾಮಾನಿನ ಹಣವನ್ನು ಮುಂಗಡವಾಗಿಯೇ ಕೊಡುತ್ತೇನೆ. ಹೂಮಳೆಯ ನೂಕುನುಗ್ಗಲಿಗೆ ಮೊದಲೇ ಅವನು ನಗದು ಕೊಟ್ಟು, ಪೂರ್ತಿ ಸೋಡಿ ಪಡೆದು ತರುತ್ತಾನೆ. ಗುಡ್ಡ ಹತ್ತಿ ಅಳೆದ ದಿನಕ್ಕೆ ಬೇರೆ ಕೂಲಿ. ರಸೀದಿಯ ಕೆಳಗೆ ಅವನು ತನ್ನ ಪಾಲನ್ನು ತಾನೇ ಬರೆದುಕೊಡುತ್ತಾನೆ, ಕೇಳದೆಯೇ. ಕಳೆದ ಸಲ ಅರ್ಧದ ತೊಟ್ಟಿಯ ತೇಲುಬುರುಡೆ ಬದಲಿಸಿದಾಗ ಹಾಗೆ ಬರೆದದ್ದು ಅರವತ್ತು ರೂಪಾಯಿ. ಹಳೆಯ ಬುರುಡೆಯ ಹಿತ್ತಾಳೆಯ ಕಡ್ಡಿಯನ್ನು ಗುಜರಿಗೆ ಹಾಕಿ ಬಂದ ದುಡ್ಡನ್ನು ಅದರಲ್ಲಿ ಕಳೆದಿದ್ದ.